ಅರವತ್ತನಾಲ್ಕನೆಯ ಪಾಲು

ಹಡಗಿಗೆ ಇಲ್ಲಿ ಅರವತ್ತನಾಲ್ಕು ಪಾಲು.
ಯಾಕೆ ಅಂತ ಕೇಳಬೇಡಿ, ಹಳೆಯ ಕಾನೂನು;
ಚದುರಂಗದ ಮನೆಗಳೂ ಅಷ್ಟೇ, ವಿದ್ಯೆಗಳೂ ಅಷ್ಟೇ ಅಂತೆ,
ಎಣಿಸಿದವರಿಗೆ ಆ ಲೆಕ್ಕ ಹಿಡಿಸಿತೇನೋ.
ಒಬ್ಬನೇ ಕೊಂಡರೂ ದಫ್ತರದಲ್ಲಿ ಬರೆಯುವುದು
ಅರವತ್ತನಾಲ್ಕಕ್ಕೆ ಅರವತ್ತನಾಲ್ಕು.

ಗ್ರೇಲ್ಯಾಗ್‌ಗೆ ಅರವತ್ತಮೂರಿತ್ತು.

ನಾನು ದಳ್ಳಾಳಿ. ಟಾರ್ಬರ್ಟ್ ಬಂದರಿನಲ್ಲಿ
ಬಲೆ ಮಾರುತ್ತಿದ್ದ ಹಳೇ ಅಂಗಡಿಯ ಮಹಡಿ ಮೇಲೆ ಕಚೇರಿ.
ಇಪ್ಪತ್ತೆರಡು ವರ್ಷ ಬೇರೆಯವರ ಹಾಯಿದೋಣಿ ಮಾರಿದ್ದೇನೆ,
ನನ್ನದೊಂದು ಇಲ್ಲ. ಈಜೂ ಬರುವುದಿಲ್ಲ, ಇದು ನಮ್ಮೊಳಗಿರಲಿ.
ಅಡ್ಡಗೋಡೆಯ ಮೇಲಿನ ದೀಪ ನನ್ನ ಕಸುಬು:
ಮಾರುವವನ ಮನೆಗೂ ಅರೆಬೆಳಕು, ಕೊಳ್ಳುವವನ ಮನೆಗೂ.
ಎಣ್ಣೆಗೆ ನೂರಕ್ಕೆ ಎಂಟು.

ಜಾಹೀರಾತು ನಾನೇ ಬರೆದೆ:
ಮೂವತ್ತೆರಡು ಅಡಿ, ಒಬ್ಬರೇ ಮಾಲೀಕರು,
ಹಳೆಯ ಸೊಬಗು, ಪ್ರೀತಿಯಿಂದ ಸಾಕಿದ್ದು.
ಪ್ರೀತಿಯಿಂದ ಎಂದರೆ ಒಲೆ ಹೊತ್ತುವುದಿಲ್ಲ.
ಹಳೆಯ ಸೊಬಗು ಎಂದರೆ ಸೋರುತ್ತದೆ.

ಹೆಕ್ಟರ್ ಗಿಲ್‌ಕ್ರೈಸ್ಟ್, ಎಪ್ಪತ್ತೊಂಬತ್ತು, ಮೊಣಕಾಲಿಗೆ ಲೋಹ,
ನಲವತ್ತೈದು ಸಾವಿರ ಪೌಂಡು ಎಂದ. ನಲವತ್ತೊಂದು ಎಂದು ಬರೆದೆ.
ಎರಡು ದಿನ ಮಾತು ಬಿಟ್ಟ.
ಆಮೇಲೆ ಬಂದು, ಡೆಕ್ ತೇಗದ್ದು ಅನ್ನುವುದನ್ನಾದರೂ
ದಪ್ಪ ಅಕ್ಷರದಲ್ಲಿ ಹಾಕು ಅಂದ.

ಕೊಳ್ಳಲು ಬಂದವನು ವೊಯ್ಚೆಕ್, ಸಾಲ್ಮನ್ ಸಾಕಣೆಯಲ್ಲಿ ಕೆಲಸ,
ಅಂಗಿಗೆ ಮೀನಿನ ಮೇವಿನ ವಾಸನೆ, ಮಾತು ಕಡಿಮೆ.
ಕ್ಯಾಬಿನ್ನಿನಲ್ಲಿ ತಲೆ ತಾಗಿಸಿಕೊಂಡು ನಕ್ಕ.
ತಲೆ ತಾಗಿದ ಮೇಲೂ ನಗುವವನು ಕೊಳ್ಳುತ್ತಾನೆ,
ಇದು ನನ್ನ ಅನುಭವ.

ಸರ್ವೇಯರ್ ಬಂದ. ಕ್ರೇನಿನ ಪಟ್ಟಿಯಲ್ಲಿ ತೂಗುವ ದೋಣಿಯ
ಹೊಟ್ಟೆಯನ್ನು ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಹೋದ,
ಸಂತೆಯಲ್ಲಿ ಕಲ್ಲಂಗಡಿ ತಟ್ಟುವ ಹಾಗೆ.
ಟಕ್, ಟಕ್, ಟಕ್, ನೀರಗೆರೆಯ ಕೆಳಗೆ ಒಂದು ಡಪ್.
ಆ ಒಂದು ಡಪ್ಪಿಗೆ ಎರಡು ಸಾವಿರದ ಆರುನೂರು ಇಳಿಯಿತು.
ಮೂವತ್ತೆಂಟು ಸಾವಿರದ ನಾನೂರು,
ಪಾಲಿಗೆ ಸರಿಯಾಗಿ ಆರುನೂರು ಎಂದು ಹಿಗ್ಗಿದ್ದೆ,
ದಫ್ತರದ ನಕಲು ಬರುವ ತನಕ.

ಗಿಲ್‌ಕ್ರೈಸ್ಟ್, ಹೆಕ್ಟರ್: ಅರವತ್ತಮೂರು.
ಮೆಕ್‌ಫೇಲ್, ಯೂಫೀಮಿಯಾ: ಒಂದು.

ಯಾರಿವರು?
ಹೆಕ್ಟರ್ ಕಿಟಕಿಯಾಚೆ ನೋಡಿದ. ಅಲ್ಲಿ ನೋಡಲು
ಮಂಜುಗಡ್ಡೆಯ ಯಂತ್ರ ಬಿಟ್ಟರೆ ಏನೂ ಇರಲಿಲ್ಲ.
"ಎಂಬತ್ತೊಂಬತ್ತರ ಬೇಸಿಗೆ," ಎಂದ. "ಇಸ್ಪೀಟಿನಲ್ಲಿ ಸೋತೆ."
ಇಸ್ಪೀಟಿನಲ್ಲಿ ಸೋತದ್ದಕ್ಕೆ ಯಾರೂ
ನೋಂದಣಿ ಶುಲ್ಕ ಕಟ್ಟಿ ಸಾಕ್ಷಿ ಸಹಿ ಹಾಕಿಸುವುದಿಲ್ಲ.
ನಾನದನ್ನು ಹೇಳಲಿಲ್ಲ.
ಹೇಳದಿರುವುದಕ್ಕೂ ಆ ಎಂಟರಲ್ಲಿ ಪಾಲಿದೆ.

ಮ್ಯಾಲೇಗ್‌ನಲ್ಲಿ ಸಿಕ್ಕಳು. ಹೊಗೆಮೀನಿನ ಅಂಗಡಿ, ರಬ್ಬರ್ ಏಪ್ರನ್.
ಕಾಗದ ನೋಡಿ, ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಮತ್ತೆ ನೋಡಿದಳು.
"ಒಂದು ಪಾಲೆಂದರೆ ದೋಣಿಯ ಯಾವ ಭಾಗ?"
ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಬೇರೆ ಮಾಡಿ ತೋರಿಸಲು ಬರುವುದಿಲ್ಲ, ಎಂದೆ,
ಸಾರಿನಲ್ಲಿ ಉಪ್ಪಿದ್ದ ಹಾಗೆ, ಎಲ್ಲ ಕಡೆಯೂ ಇದೆ.
"ಹಾಗಾದರೆ ಆ ಮುಂದಿನ ಕಿಟಕಿಯಲ್ಲೂ ಇದೆ.
ಸೋರುತ್ತದಲ್ಲ, ಇನ್ನೂ?"
ಈ ಬಾಯಿಂದ ಮೊದಲ ಸಲ ಬಂತು: ಸೋರುತ್ತದೆ.

ಆರುನೂರು ಎಂದೆ. ನನ್ನ ನಲವತ್ತೆಂಟು ಕಳೆದು
ಐನೂರ ಐವತ್ತೆರಡು. ಚೌಕಾಸಿಗೆ ನಿಂತಳು,
ಬೆಲೆಗಲ್ಲ, ನನ್ನ ನಲವತ್ತೆಂಟಕ್ಕೆ.
"ನನ್ನನ್ನು ಹುಡುಕಿದ್ದಕ್ಕೆ ಕೂಲಿಯೇ?
ನಾನು ಎಲ್ಲಿಗೂ ಹೋಗಿರಲಿಲ್ಲ."

ಬಿಟ್ಟುಕೊಟ್ಟೆ. ಸಹಿ ಹಾಕಿದಳು, ಒದ್ದೆ ಬೆರಳಿನಲ್ಲೇ.
ಎರಡು ಮೀನು ಪತ್ರಿಕೆಯಲ್ಲಿ ಸುತ್ತಿ ಮುಂದಿಟ್ಟಳು.
"ಒಂದು ನಿಮಗೆ."
ಇನ್ನೊಂದು ಯಾರಿಗೆಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ದಾರಿ ಉದ್ದ, ಚಳಿ. ಎರಡನ್ನೂ ನಾನೇ ತಿಂದೆ.

ಹೆಕ್ಟರ್ ಕಾಗದ ತೆಗೆದುಕೊಂಡ. ಮೊತ್ತ ನೋಡಲಿಲ್ಲ.
ಹೊಗೆಯ ವಾಸನೆ ಹತ್ತಿದೆ, ಕ್ಷಮಿಸಿ, ಎಂದೆ.
ಪರವಾಗಿಲ್ಲ ಅಂದ.
ವಾಪಸು ಕೊಡಲು
ಸ್ವಲ್ಪ ಹೊತ್ತು ಹಿಡಿಯಿತು.